ಕಳೆದುಕೊಳ್ಳಬಹುದಾದ ಗಾಡಿ

ದೆಹಲಿಯ ಕೆಂಪು ಕೋಟೆಗೆ ಎದುರಾಗಿ, ಚಾಂದನಿ ಚೌಕಕ್ಕೆ ಕಾಲಿಡುವ ಮುನ್ನವೇ ಲಾಜಪತ್ ರಾಯ್ ಮಾರ್ಕೆಟ್ ಸಿಗುತ್ತದೆ. ದೇಶ ಒಡೆದಾಗ ಮನೆ ಮಠ ಬಿಟ್ಟು ಬಂದವರಿಗೆಂದು ಎದ್ದ ಅಂಗಡಿಸಾಲು ಅದು. ಇಂದು ಅಲ್ಲಿ ಮೋಟಾರು, ಬ್ಯಾಟರಿ, ವೈರು, ಸ್ಪೀಕರು, ಹೆಸರೇ ಇಲ್ಲದ ಸರ್ಕ್ಯೂಟ್ ಹಲಗೆಗಳು ಸಗಟು ಲೆಕ್ಕದಲ್ಲಿ ಮಾರಾಟವಾಗುತ್ತವೆ. 2022ರ ಜನವರಿಯಲ್ಲಿ ಬೆಂಕಿ ಬಿದ್ದು ಸಾಲುಸಾಲು ಮಳಿಗೆಗಳು ಸುಟ್ಟವು. ಮಾರುಕಟ್ಟೆ ಮಾತ್ರ ಸುಡಲಿಲ್ಲ. ಪ್ರಾಜೆಕ್ಟಿನ ಗಡುವು ಹತ್ತಿರ ಬಂದಾಗ ರಾಜಧಾನಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓಡಿಬರುವ ಜಾಗಗಳಲ್ಲಿ ಇದೂ ಒಂದು.

ಆ ಪ್ರಾಜೆಕ್ಟುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಉಳಿದದ್ದು ಒಂದಿದೆ. ರಿಮೋಟ್ ಕಾರೊಂದನ್ನು ತಂದು, ಅದರ ಪ್ಲಾಸ್ಟಿಕ್ ಮೈ ಕಿತ್ತು, ಬರಿಯ ಚಾಸಿಯ ಮೇಲೆ ಏನಾದರೂ ಅಳೆಯುವ ಉಪಕರಣ ಕೂರಿಸುವುದು. ಹೊಗೆ ಅಳೆಯಬಹುದು, ದೂರ ಅಳೆಯಬಹುದು, ಕ್ಯಾಮೆರಾ ಇಡಬಹುದು. ಪ್ರದರ್ಶನದ ದಿನ ಗಾಡಿ ಕಾರಿಡಾರಿನಲ್ಲಿ ನಾಲ್ಕು ಸುತ್ತು ಹೊಡೆದರೆ ಅಂಕ ಬಂತು. ಆಮೇಲೆ ಅದು ಪ್ರಯೋಗಾಲಯದ ಕಪಾಟು ಸೇರುತ್ತದೆ.

ಮಕ್ಕಳಾಟ ಎಂದು ನಗುವ ಮೊದಲು ಒಂದು ಮಾತು. ಮನುಷ್ಯ ಹೋಗಬಾರದ ಕಡೆಗೆ ಮನುಷ್ಯನ ಬದಲು ಹೋದ ಯಂತ್ರಗಳ ಚರಿತ್ರೆಯನ್ನು ಕೆದಕಿದರೆ ಇಂಥ ಜೋಡಣೆಯ ಗಾಡಿಗಳೇ ಮತ್ತೆ ಮತ್ತೆ ಎದುರಾಗುತ್ತವೆ. ಅವುಗಳ ದೊಡ್ಡ ಗುಣ ಬುದ್ಧಿಯೂ ಅಲ್ಲ, ಬಲವೂ ಅಲ್ಲ. ಅವು ಕಳೆದುಹೋದರೆ ಯಾರೂ ಅಳುವುದಿಲ್ಲ. ಉಪಕರಣ ಹೊರಿಸಿದಷ್ಟೂ ಆ ಗುಣ ಕಡಿಮೆಯಾಗುತ್ತ ಬರುವುದು ಈ ಕತೆಯ ತೊಡಕು.

ತಂತಿಯಿಲ್ಲದೆ ದೂರದಿಂದ ಏನನ್ನಾದರೂ ಅಲುಗಾಡಿಸಬಹುದು ಎಂದು ತೋರಿಸಿದವರಲ್ಲಿ ಜಗದೀಶಚಂದ್ರ ಬೋಸರು ಮೊದಲಿಗರ ಸಾಲಿನವರು. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ, ಗೋಡೆಯಾಚೆಯಿಂದ ಕಳಿಸಿದ ಅಲೆಗಳಿಂದ ಗಂಟೆ ಬಾರಿಸಿ, ಮದ್ದಿನ ಪುಡಿಗೆ ಕಿಡಿ ಹೊತ್ತಿಸಿದರು. ಮೂರು ವರ್ಷದ ನಂತರ, 1898ರಲ್ಲಿ, ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಕಬ್ಬಿಣದ ಪುಟ್ಟ ದೋಣಿ ತೇಲಿಬಿಟ್ಟ. ಜನ ಪ್ರಶ್ನೆ ಕೇಳುತ್ತಿದ್ದರು, ದೋಣಿ ದೀಪ ಮಿಟುಕಿಸಿ ಉತ್ತರ ಹೇಳುತ್ತಿತ್ತು. ಉತ್ತರ ಹೇಳುತ್ತಿದ್ದವನು ಗುಂಡಿ ಒತ್ತುತ್ತಿದ್ದ ಟೆಸ್ಲಾನೇ ಎಂಬುದು ಬೇರೆ ಮಾತು. ಅದೇ ವರ್ಷ ನವೆಂಬರಿನಲ್ಲಿ ಪೇಟೆಂಟೂ ಸಿಕ್ಕಿತು. ಆದರೆ ಆ ದೋಣಿ ತನ್ನ ಸುತ್ತಲಿನ ಜಗತ್ತಿನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಆಜ್ಞೆ ಒಂದೇ ದಿಕ್ಕಿಗೆ ಹೋಗುತ್ತಿತ್ತು.

ಅಂಗಡಿಯಲ್ಲಿ ಸಿಗುವ ರೇಡಿಯೋ ಕಾರು ಬರಲು ಇನ್ನೂ ಏಳು ದಶಕ ಬೇಕಾಯಿತು. ಇಟಲಿಯ ರೆಜಿಯೊ ಎಮಿಲಿಯಾದ ಎಲೆಟ್ರೋನಿಕಾ ಜೊಕಾತ್ತೋಲಿ ಎಂಬ ಕಂಪನಿ 1966ರಲ್ಲಿ ಫೆರಾರಿಯೊಂದನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿ ಮಾರಿತು. ಜಪಾನಿನ ತಮಿಯಾ 1976ರಲ್ಲಿ ಪೋರ್ಷೆ 934 ತಂದಿತು. ಮುಂದಿನ ಹತ್ತು ವರ್ಷದಲ್ಲಿ ಅದರ ಬಗ್ಗಿ ಕಾರುಗಳು ಜಗತ್ತಿನ ಹುಡುಗರ ಕನಸಿನೊಳಗೆ ಓಡಾಡಿದವು. ಹಬ್ಬದಲ್ಲಿ ಕೊಡಿಸುವ ಅಗ್ಗದ ಆಟಿಕೆಗೂ ಈ ಹವ್ಯಾಸಿ ಕಾರಿಗೂ ವ್ಯತ್ಯಾಸವಿದೆ. ಅಗ್ಗದ್ದರಲ್ಲಿ ಎಲ್ಲವೂ ಒಂದೇ ಹಲಗೆಗೆ ಬೆಸುಗೆಯಾಗಿರುತ್ತದೆ, ಕೆಟ್ಟರೆ ಗುಜರಿ. ಹವ್ಯಾಸಿ ಕಾರಿನಲ್ಲಿ ಮೋಟಾರು ಬೇರೆ, ಅದರ ವೇಗ ನಿಯಂತ್ರಕ ಬೇರೆ, ಚಕ್ರ ತಿರುಗಿಸುವ ಸರ್ವೋ ಬೇರೆ, ರಿಸೀವರ್ ಬೇರೆ. ಎಲ್ಲವನ್ನೂ ಮೂರು ತಂತಿಯ ಪ್ಲಗ್ಗಿನಿಂದ ಜೋಡಿಸಿರುತ್ತಾರೆ.

ಆ ಮೂರು ತಂತಿಯಲ್ಲಿ ಒಂದರ ಮೇಲೆ ಸೆಕೆಂಡಿಗೆ ಸುಮಾರು ಐವತ್ತು ಬಾರಿ ಒಂದು ಮಿಡಿತ ಹರಿಯುತ್ತದೆ. ಮಿಡಿತ ಒಂದೂವರೆ ಮಿಲಿಸೆಕೆಂಡು ಇದ್ದರೆ ಚಕ್ರ ನೇರ. ಒಂದಕ್ಕೆ ಇಳಿದರೆ ಒಂದು ಕಡೆಗೆ, ಎರಡಕ್ಕೆ ಏರಿದರೆ ಇನ್ನೊಂದು ಕಡೆಗೆ. ಇಷ್ಟೇ ಅದರ ಭಾಷೆ. ಮಿಡಿತವನ್ನು ಕಳಿಸುತ್ತಿರುವುದು ಹುಡುಗನ ಹೆಬ್ಬೆರಳೋ ಕಂಪ್ಯೂಟರೋ ಎಂಬುದು ಸರ್ವೋಗೆ ಗೊತ್ತಾಗುವುದಿಲ್ಲ. ರಿಸೀವರಿನ ಪ್ಲಗ್ ಕಿತ್ತು ಅಲ್ಲಿ ಒಂದು ಸಣ್ಣ ಗಣಕ ಚಿಪ್ಪು ಸಿಕ್ಕಿಸಿದರೆ ಕಾರು ರೋಬಾಟ್ ಆಯಿತು. ಅಮೆರಿಕದ ಎಂಐಟಿಯಲ್ಲೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲೂ 2015ರ ಆಸುಪಾಸಿನಲ್ಲಿ ಸ್ವಯಂಚಾಲನೆಯ ಪಾಠಕ್ಕೆಂದು ಸಿದ್ಧವಾದ ಗಾಡಿಗಳು ಹತ್ತರಲ್ಲಿ ಒಂದು ಅಳತೆಯ ಹವ್ಯಾಸಿ ಕಾರುಗಳೇ. ಆಟಿಕೆಯವರು ಬಿಡಿಭಾಗ ಮಾರುವ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಎಂಜಿನಿಯರುಗಳಿಗೆ ತೆರೆದ ಬಾಗಿಲಾಯಿತು.

ಜೀವ ಉಳಿಸುವ ಕೆಲಸ ಮಾತ್ರ ಆಟಿಕೆಯಿಂದಲೂ ಶುರುವಾಗಲಿಲ್ಲ, ತೋಟದ ಕೈಗಾಡಿಯಿಂದ ಶುರುವಾಯಿತು. 1972ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಕಾರ್ ಬಾಂಬುಗಳನ್ನು ನಿಷ್ಕ್ರಿಯಗೊಳಿಸಲು ಹೋದ ಬ್ರಿಟಿಷ್ ಸೈನಿಕರು ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ಲೆಫ್ಟಿನೆಂಟ್ ಕರ್ನಲ್ ಪೀಟರ್ ಮಿಲ್ಲರ್ ತೋಟಗಾರಿಕೆ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಚಾಲಿತ ಕೈಗಾಡಿಯ ಚಾಸಿ ತಂದು, ಅನುಮಾನದ ಕಾರಿಗೆ ಕೊಕ್ಕೆ ಹಾಕಿ ಎಳೆಯುವಂತೆ ಮಾಡಿದರು. ಯಂತ್ರದ ಹೆಸರೂ 'ವೀಲ್‌ಬ್ಯಾರೋ' ಎಂದೇ ಉಳಿಯಿತು. ಕ್ಯಾಮೆರಾ, ತೋಳು, ಬಂದೂಕು ಎಲ್ಲ ನಂತರ ಬಂದವು. ಇಂದಿನ ಬಾಂಬ್ ರೋಬಾಟುಗಳ ವಂಶವೃಕ್ಷಕ್ಕೆ ಬೇರು ಅದೇ. ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ, 2011ರಲ್ಲಿ ನಮ್ಮ ಸೇನೆಗೆ ಸೇರತೊಡಗಿದ 'ದಕ್ಷ' ಕೂಡ ಅದರ ಕೊಂಬೆಯೇ.

ಇನ್ನು ದೆಹಲಿಯ ಪಾತ್ರ. ಅದು ಕಾರ್ಖಾನೆಯದ್ದಲ್ಲ, ಕಡತದ್ದು. ಭಾರತದಲ್ಲಿ ರೇಡಿಯೋ ಅಲೆ ಯಾರ ಸೊತ್ತು ಎಂಬ ಪ್ರಶ್ನೆಗೆ ಬ್ರಿಟಿಷರು 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಸರ್ಕಾರದ್ದು ಎಂದು ಉತ್ತರ ಬರೆದಿಟ್ಟಿದ್ದರು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರವಾನಗಿ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. ಹಾಡು ಕೇಳುವ ರೇಡಿಯೋ ಪೆಟ್ಟಿಗೆಗೂ ಲೈಸೆನ್ಸ್ ಬೇಕಿತ್ತು. ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬಂದ ನೆನಪು ಈಗ ಅರವತ್ತು ದಾಟಿದ ಯಾರಿಗಾದರೂ ಇರುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳವರೆಗೂ ಅದು ನಡೆಯಿತು. ಕೇಳಲೇ ಇಷ್ಟು ಕಟ್ಟುಪಾಡು ಇದ್ದಾಗ ಕಳಿಸುವ ರೇಡಿಯೋದ ಪಾಡೇನು? ರಿಮೋಟ್ ಕಾರಿನ ಕೈಪೆಟ್ಟಿಗೆ ಕಾನೂನಿನ ಕಣ್ಣಲ್ಲಿ ಒಂದು ಪ್ರಸಾರ ಯಂತ್ರ. ಯಾವ ತರಂಗ ಯಾರಿಗೆ ಎಂದು ಹಂಚುವ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗ 1952ರಿಂದ ದೆಹಲಿಯಲ್ಲೇ ಕೂತಿದೆ.

ಅನುಮಾನಕ್ಕೆ ಕಾರಣವೂ ಇತ್ತು. 1985ರ ಮೇ 10ರಂದು ದೆಹಲಿಯಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ, ಬಸ್ಸಿನಲ್ಲಿ, ರಸ್ತೆ ಬದಿಯಲ್ಲಿ ಬಿಟ್ಟುಹೋದ ಟ್ರಾನ್ಸಿಸ್ಟರ್ ರೇಡಿಯೋಗಳು ಸಿಡಿದವು. ಹತ್ತಾರು ಜನ ಸತ್ತರು. ಬಿದ್ದದ್ದನ್ನು ಎತ್ತಿಕೊಂಡು ಗುಂಡಿ ತಿರುಗಿಸಿದವರೇ ಹೆಚ್ಚು. 'ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ' ಎಂಬ ಘೋಷಣೆ ಆಮೇಲೆ ಆ ನಗರದ ಹಿನ್ನೆಲೆ ಸಂಗೀತವಾಯಿತು. ಇಂದಿಗೂ ಮೆಟ್ರೋದಲ್ಲಿ ಕೇಳಿಸುತ್ತದೆ. ಅಂಥ ಊರಿನಲ್ಲಿ ತಂತಿ ಜೋತಾಡುವ ಪುಟ್ಟ ಗಾಡಿಯೊಂದು ಒಬ್ಬಂಟಿಯಾಗಿ ಉದ್ಯಾನದಲ್ಲಿ ಹರಿದಾಡಿದರೆ ನೋಡುವವರ ಕಣ್ಣಿಗೆ ಅದು ಆಟಿಕೆಯಾಗಿ ಕಾಣಬೇಕೆಂದಿಲ್ಲ.

ಗಂಟು ಸಡಿಲಾದದ್ದು 2005ರ ಜನವರಿಯಲ್ಲಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣ ಬಳಸಲು ಲೈಸೆನ್ಸ್ ಬೇಡ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ವೈಫೈಗಾಗಿ ತೆರೆದ ಬಾಗಿಲು ಅದು. ಆಟಿಕೆ ಕಾರುಗಳು ಯಾರ ಮನಸ್ಸಿನಲ್ಲೂ ಇರಲಿಲ್ಲ. ಆದರೆ ಹವ್ಯಾಸಿ ರೇಡಿಯೋಗಳೂ ಅದೇ ವರ್ಷಗಳಲ್ಲಿ ಹಳೆಯ 27 ಮೆಗಾಹರ್ಟ್ಸ್ ಬಿಟ್ಟು 2.4ಕ್ಕೆ ದಾಟುತ್ತಿದ್ದವು. ಹಳೆಯ ಪದ್ಧತಿಯಲ್ಲಿ ಒಂದೇ ತರಂಗದ ಎರಡು ಕಾರು ಒಂದೆಡೆ ಬಂದರೆ ಒಬ್ಬನ ರಿಮೋಟಿಗೆ ಇನ್ನೊಬ್ಬನ ಕಾರು ಓಡುತ್ತಿತ್ತು. ಹೊಸದರಲ್ಲಿ ಆ ಗೊಂದಲ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಅದೇ ಪಟ್ಟಿಯಲ್ಲಿ ಕಾರಿನಿಂದ ವಾಪಸು ಮಾಹಿತಿಯೂ ಬರಬಹುದಿತ್ತು. ಟೆಸ್ಲಾನ ದೋಣಿಗೆ ಇಲ್ಲದ ನಾಲಗೆ ಆಟಿಕೆಗೆ ಬಂತು.

ಉಳಿದದ್ದನ್ನು ಅಗ್ಗದ ಚಿಪ್ಪುಗಳು ಮಾಡಿದವು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಹುಟ್ಟಿತು. 2012ರ ಫೆಬ್ರವರಿ 29ರಂದು 35 ಡಾಲರಿನ ರಾಸ್ಪ್‌ಬೆರಿ ಪೈ ಬಂತು. ಅಮೆರಿಕದ ಡಾರ್ಪಾ ಸಂಸ್ಥೆ 2004ರಲ್ಲಿ ಮರುಭೂಮಿಯಲ್ಲಿ ನಡೆಸಿದ ಚಾಲಕರಹಿತ ವಾಹನಗಳ ಸ್ಪರ್ಧೆಯಲ್ಲಿ ಅತಿ ದೂರ ಹೋದ ಗಾಡಿ ಹನ್ನೆರಡು ಕಿಲೋಮೀಟರೂ ದಾಟಲಿಲ್ಲ. ಆ ಪಂದ್ಯಗಳಿಂದ ಬೆಳೆದ ಲೇಸರ್ ಕಣ್ಣು, ಲೈಡಾರ್, ಮೊದಮೊದಲು ಐಷಾರಾಮಿ ಕಾರಿನ ಬೆಲೆಗೆ ಸಿಗುತ್ತಿತ್ತು. 2010ರಲ್ಲಿ ನೀಟೊ ಎಂಬ ಕಸಗುಡಿಸುವ ರೋಬಾಟ್ ಬಂದಾಗ ಅದರೊಳಗೆ ಅಗ್ಗದ ಲೈಡಾರ್ ಇರುವುದು ಗೊತ್ತಾಗಿ, ಹವ್ಯಾಸಿಗಳು ರೋಬಾಟನ್ನು ಬಿಚ್ಚಿ ಕಣ್ಣು ಮಾತ್ರ ಕಿತ್ತುಕೊಂಡರು. ಪೊರಕೆಯ ಕಣ್ಣು ಆಟಿಕೆಯ ಹಣೆಗೆ ಬಂತು.

ಇಷ್ಟೆಲ್ಲ ಸಿಕ್ಕ ಮೇಲೂ ಕೆಲಸ ಸುಲಭವಲ್ಲ. ಮೊದಲ ಜಗಳ ತೂಕದ್ದು. ಹತ್ತರಲ್ಲಿ ಒಂದು ಅಳತೆಯ ಕಾರು ತಾನೇ ಎರಡು ಕಿಲೋ ಆಸುಪಾಸು ತೂಗುತ್ತದೆ. ಅದು ಹುಟ್ಟಿದ್ದು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ನೆಗೆಯಲು. ಅದರ ಮೇಲೆ ಒಂದು ಕಿಲೋ ಹೊರಿಸಿದರೆ ಶಾಕ್ ಅಬ್ಸಾರ್ಬರುಗಳು ಕುಸಿದು ಹೊಟ್ಟೆ ನೆಲಕ್ಕೆ ತಾಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಬೇಕು, ಶಾಕಿನೊಳಗೆ ಮಂದ ಎಣ್ಣೆ ತುಂಬಬೇಕು. ಹಾಗೆ ಮಾಡಿದರೆ ಕಾರು ಬಿಗಿಯಾಗಿ, ನೆಲದ ಪ್ರತಿ ಕಲ್ಲಿನ ಏಟೂ ನೇರವಾಗಿ ಉಪಕರಣಕ್ಕೆ ಹೋಗುತ್ತದೆ. ಉಪಕರಣದ ಅಡಿಗೆ ರಬ್ಬರು ಕೊಡಬೇಕು. ರಬ್ಬರು ಕೊಟ್ಟರೆ ಎತ್ತರ ಹೆಚ್ಚಿ ತಿರುವಿನಲ್ಲಿ ಪಲ್ಟಿ. ಮೋಟಾರಿನ ಹಲ್ಲುಚಕ್ರವನ್ನು ಚಿಕ್ಕದು ಮಾಡಿ ವೇಗ ಬಿಟ್ಟುಕೊಟ್ಟು ಎಳೆತ ಪಡೆಯಬೇಕು. ಓಟದ ಕಾರಿನ ಮೋಟಾರು ನಿಧಾನ ಹೋಗಲು ಒಪ್ಪುವುದೇ ಇಲ್ಲ, ನಿಂತಿರುತ್ತದೆ ಇಲ್ಲವೇ ನೆಗೆಯುತ್ತದೆ. ಬಂಡೆ ಹತ್ತುವ ಕ್ರಾಲರ್ ಕಾರುಗಳ ಹೆಚ್ಚು ಸುತ್ತಿನ ಮೋಟಾರನ್ನು ತಂದು ಹಾಕುವವರೆಗೂ ಈ ಹಟ ಬಿಡದು.

ಎರಡನೆಯ ಜಗಳ ವಿದ್ಯುತ್ತಿನದು. ಮೋಟಾರು ಹೊರಡುವ ಕ್ಷಣದಲ್ಲಿ ಬ್ಯಾಟರಿಯಿಂದ ಒಮ್ಮೆಗೇ ಗುಟುಕು ಎಳೆಯುತ್ತದೆ. ವೋಲ್ಟೇಜು ಜಾರುತ್ತದೆ, ಅದೇ ಬ್ಯಾಟರಿಗೆ ಕಟ್ಟಿದ ಕಂಪ್ಯೂಟರು ಕಣ್ಣು ಮುಚ್ಚಿ ಮತ್ತೆ ತೆರೆಯುತ್ತದೆ. ಎಲ್ಲ ಸರಿಯಾಗಿದೆ, ಆದರೆ ಗಾಡಿ ಹೊರಟಾಗಲೆಲ್ಲ ಮಿದುಳು ಸತ್ತುಹೋಗುತ್ತದೆ ಎಂದು ತಲೆ ಕೆರೆದುಕೊಳ್ಳದ ವಿದ್ಯಾರ್ಥಿ ಇಲ್ಲ. ಉಪಕರಣಕ್ಕೆ ಬೇರೆಯೇ ಬ್ಯಾಟರಿ ಇಡುವುದು ಪರಿಹಾರ. ಅಂದರೆ ಮತ್ತೆ ತೂಕ. ಕಾರ್ಬನ್ ಬ್ರಷ್ಷಿನ ಮೋಟಾರು ಕಿಡಿ ಉಗುಳುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಅದರ ಬಾಯಿಗೆ ಸಣ್ಣ ಕೆಪ್ಯಾಸಿಟರ್ ಬೆಸುಗೆ ಹಾಕಬೇಕು. ದಿಕ್ಸೂಚಿ ಚಿಪ್ಪನ್ನು ಮೋಟಾರಿನ ಪಕ್ಕ ಇಟ್ಟರೆ ಅದು ಉತ್ತರವನ್ನು ಬಿಟ್ಟು ಮೋಟಾರಿನ ಅಯಸ್ಕಾಂತವನ್ನು ತೋರಿಸುತ್ತದೆ. ಜಿಪಿಎಸ್ ಕೆಲವು ಮೀಟರು ಹೆಚ್ಚುಕಡಿಮೆ ಹೇಳುವುದು ಲಾರಿಗೆ ಪರವಾಗಿಲ್ಲ. ಅರ್ಧ ಮೀಟರಿನ ಕಾರಿಗೆ ಅದು ರಸ್ತೆಗೂ ಚರಂಡಿಗೂ ಇರುವ ವ್ಯತ್ಯಾಸ.

ಅಳತೆಯ ಸಮಸ್ಯೆ ಇವೆಲ್ಲಕ್ಕಿಂತ ಸೂಕ್ಷ್ಮ. ದೆಹಲಿಯಲ್ಲಿ ಇಂಥ ಗಾಡಿಯ ಮೇಲೆ ಏನು ಕೂರಿಸಬೇಕೆಂದು ಯಾರೂ ಯೋಚಿಸಬೇಕಾಗಿಲ್ಲ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಆ ಊರಿನ ಮಾತೆಲ್ಲ ಗಾಳಿಯದೇ. ನಗರದಲ್ಲಿ ಸರ್ಕಾರದ ಸುಮಾರು ನಲವತ್ತು ಮಾಪನ ಕೇಂದ್ರಗಳಿವೆ. ಅವು ಕೋಣೆಯಷ್ಟು ದೊಡ್ಡವು, ಕೂತಲ್ಲೇ ಕೂತಿರುತ್ತವೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಅಗ್ಗದ ಸಂವೇದಕ ಬೇರೆ ರೀತಿಯದು. ಸಣ್ಣ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಧೂಳಿನ ಕಣಕ್ಕೆ ಬಡಿದು ಚದುರುತ್ತದೆ, ಚದುರಿದ್ದನ್ನು ಎಣಿಸಿ ಲೆಕ್ಕ ಹೇಳುತ್ತದೆ. ಓಡುವ ಗಾಡಿಯಲ್ಲಿಟ್ಟರೆ ಎದುರುಗಾಳಿ ಫ್ಯಾನಿನ ಲೆಕ್ಕ ತಪ್ಪಿಸುತ್ತದೆ. ನೆಲದಿಂದ ಒಂದು ಗೇಣು ಮೇಲಿಟ್ಟರೆ ಅದು ಅಳೆಯುವುದು ದೆಹಲಿಯ ಗಾಳಿಯನ್ನಲ್ಲ, ತನ್ನದೇ ಚಕ್ರ ಎಬ್ಬಿಸಿದ ಮಣ್ಣನ್ನು. ಜನವರಿಯ ಮಂಜಿನಲ್ಲಿ ಕಣಗಳು ನೀರು ಕುಡಿದು ಊದಿಕೊಂಡು, ಇರುವುದಕ್ಕಿಂತ ಹೆಚ್ಚು ಕೊಳೆ ತೋರಿಸುತ್ತವೆ. ಇನ್ನು ಅನಿಲ ಮೂಸುವ ತವರದ ಆಕ್ಸೈಡಿನ ಅಗ್ಗದ ಸಂವೇದಕಗಳಿಗೆ ಒಳಗೆ ಸದಾ ಉರಿಯುವ ಹೀಟರು ಬೇಕು. ಮೊದಲ ಸಲ ಒಂದು ದಿನವಾದರೂ ಕಾಯಿಸಿಡದೆ ಅವು ಹೇಳುವ ಸಂಖ್ಯೆಯನ್ನು ನಂಬುವಂತಿಲ್ಲ.

ಹಾಗಾದರೆ ಡ್ರೋನ್ ಹಾರಿಸಬಾರದೇ ಎಂದು ಕೇಳಬಹುದು. ಬೇರೆ ಊರಿನಲ್ಲಾದರೆ ಹಾರಿಸಬಹುದು. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ ದೇಶದಲ್ಲಿ ಖಾಸಗಿ ಡ್ರೋನುಗಳನ್ನೇ ತಡೆಹಿಡಿಯಿತು. ನಿಯಮ ಬಂದದ್ದು 2018ರ ಕೊನೆಗೆ. ನಿಯಮ ಬಂದ ಮೇಲೂ ರಾಜಧಾನಿಯ ಆಕಾಶದ ಬಹುಭಾಗ ನಿಷಿದ್ಧವೇ. ಗಣರಾಜ್ಯ ದಿನ, ಸ್ವಾತಂತ್ರ್ಯ ದಿನ ಹತ್ತಿರ ಬಂದರೆ ಪೊಲೀಸರ ಆದೇಶದಲ್ಲಿ ಪ್ಯಾರಾಗ್ಲೈಡರು, ಬಿಸಿಗಾಳಿಯ ಬಲೂನುಗಳೂ ಸೇರಿಕೊಳ್ಳುತ್ತವೆ. ರೆಕ್ಕೆಗೆ ಅಪ್ಪಣೆ ಬೇಕು, ಚಕ್ರಕ್ಕೆ ಬೇಡ.

ದೆಹಲಿಯ ಗಾಳಿಯನ್ನು ಓಡಾಡುತ್ತ ಅಳೆಯುವ ಕೆಲಸ ನಿಜವಾಗಿ ನಡೆದದ್ದು ಆಟಿಕೆಯ ಮೇಲೆ ಅಲ್ಲ, ಬಸ್ಸಿನ ಮೇಲೆ. ಐಐಟಿ ದೆಹಲಿಯ ಸಂಶೋಧಕರು 2020ರ ನವೆಂಬರಿನಿಂದ 2021ರ ಜನವರಿಯವರೆಗೆ ಹತ್ತಕ್ಕೂ ಹೆಚ್ಚು ನಗರ ಬಸ್ಸುಗಳಿಗೆ ಅಗ್ಗದ ಸಂವೇದಕ ಕಟ್ಟಿ ಕೋಟಿಗೂ ಮೀರಿದ ಅಳತೆಗಳನ್ನು ಕಲೆಹಾಕಿದರು. ಜಾಣ ಆಯ್ಕೆ. ಬಸ್ಸಿಗೆ ತೂಕದ ಚಿಂತೆಯಿಲ್ಲ, ಬ್ಯಾಟರಿಯ ಚಿಂತೆಯಿಲ್ಲ, ಅದು ಹೇಗೂ ದಿನವಿಡೀ ಊರು ಸುತ್ತುತ್ತದೆ. ಮನುಷ್ಯರು ಓಡಾಡುವ ಜಾಗದಲ್ಲಿ ಅಳೆಯಲು ಮನುಷ್ಯರ ವಾಹನವೇ ಸಾಕು. ಪುಟ್ಟ ಗಾಡಿಗೆ ಕೆಲಸವಿರುವುದು ಬಸ್ಸು ಹೋಗದ, ಮನುಷ್ಯ ಹೋಗಬಾರದ ಕಡೆ.

ಅದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಅಫ್ಘಾನಿಸ್ತಾನದ್ದು. ಅಲ್ಲಿದ್ದ ಅಮೆರಿಕದ ಸೈನಿಕನೊಬ್ಬನಿಗೆ 2007ರಲ್ಲಿ ಊರಿನಿಂದ ಅವನ ಸೋದರ ಟ್ರಾಕ್ಸಸ್ ಕಂಪನಿಯ ಹವ್ಯಾಸಿ ಟ್ರಕ್ಕೊಂದನ್ನು ಕಳಿಸಿದ. ಪರಿಚಯದ ಆಟಿಕೆ ಅಂಗಡಿಯವನ ನೆರವಿನಿಂದ ಅದರ ಮೇಲೆ ನಿಸ್ತಂತು ಕ್ಯಾಮೆರಾ ಕೂರಿಸಿದ್ದ. ಎಲ್ಲ ಸೇರಿ 500 ಡಾಲರ್ ಆಸುಪಾಸು. ಪಹರೆ ಹೊರಟಾಗ ಸೈನಿಕರು ಆ ಟ್ರಕ್ಕನ್ನು ಮುಂದೆ ಓಡಿಸಿ ರಸ್ತೆ ನೋಡಿಕೊಳ್ಳುತ್ತಿದ್ದರು. 2011ರಲ್ಲಿ ಒಂದು ದಿನ ಅದು ಅಡ್ಡ ಕಟ್ಟಿದ್ದ ತಂತಿಗೆ ಸಿಕ್ಕಿಕೊಂಡಿತು. ತಂತಿಯ ತುದಿಯಲ್ಲಿ ಇನ್ನೂರು ಕಿಲೋಗೂ ಮಿಕ್ಕಿದ ಸ್ಫೋಟಕವಿತ್ತು ಎಂದು ಅಂದು ವರದಿಯಾಯಿತು. ಟ್ರಕ್ಕು ಚೂರಾಯಿತು. ಹಿಂದೆ ಜೀಪಿನಲ್ಲಿದ್ದ ಆರು ಮಂದಿ ಉಳಿದರು. ಊರಿನಿಂದ ಇನ್ನೊಂದು ಟ್ರಕ್ಕು ಹೊರಟಿತು. ಆ ಗಾಡಿ ಲಕ್ಷಾಂತರ ಡಾಲರಿನದಾಗಿದ್ದರೆ ಅಧಿಕಾರಿ ಅದನ್ನು ಅಷ್ಟು ಸಲೀಸಾಗಿ ಮುಂದೆ ಬಿಡುತ್ತಿದ್ದನೇ ಎಂಬುದು ಅನುಮಾನ.

ದುಬಾರಿ ಗಾಡಿಗೆ ಭಯ ಹೆಚ್ಚು. ಚಂದ್ರನ ಮೇಲಿನ ಗಾಡಿಗಳನ್ನು ನೋಡಿದರೆ ತಿಳಿಯುತ್ತದೆ. ಸೋವಿಯತ್ತಿನ ಲೂನಖೋಡ್ 1970ರಲ್ಲಿ ಇಳಿದಾಗ ಅದು 756 ಕಿಲೋದ, ಎಂಟು ಚಕ್ರದ ರಿಮೋಟ್ ಕಾರು; ಭೂಮಿಯಲ್ಲಿ ಐದು ಜನರ ತಂಡ ಒಂದೊಂದೇ ಚಿತ್ರ ನೋಡುತ್ತ ಅದನ್ನು ಓಡಿಸಬೇಕಿತ್ತು. 2010ರ ಕೊನೆಯಲ್ಲಿ ದೆಹಲಿಯ ಐಟಿ ಉದ್ಯಮಿ ರಾಹುಲ್ ನಾರಾಯಣ್ ಮತ್ತು ಗೆಳೆಯರು, ಬಾಹ್ಯಾಕಾಶದ ಅನುಭವವೇ ಇಲ್ಲದೆ, ಗೂಗಲ್ ಲೂನಾರ್ ಎಕ್ಸ್‌ಪ್ರೈಜ್ ಸ್ಪರ್ಧೆಗೆ ಹೆಸರು ಕೊಟ್ಟರು. ಚಂದ್ರನ ಮೇಲೆ ಗಾಡಿಯೊಂದನ್ನು 500 ಮೀಟರ್ ಓಡಿಸಿ ವಿಡಿಯೊ ಕಳಿಸಬೇಕು ಎಂಬುದು ಪಂದ್ಯ. ದೆಹಲಿಯಲ್ಲಿ ಆಸೆ ಇತ್ತು, ಬಲ್ಲವರು ಬೆಂಗಳೂರಿನಲ್ಲಿದ್ದರು. ಟೀಮ್‌ಇಂಡಸ್ ಬೆಂಗಳೂರಿಗೆ ಗಂಟುಮೂಟೆ ಕಟ್ಟಿತು, ಇಸ್ರೋದ ನಿವೃತ್ತ ವಿಜ್ಞಾನಿಗಳು ಜೊತೆಯಾದರು. 'ಏಕ್ ಛೋಟಿ ಸಿ ಆಶಾ' ಎಂಬ ಹೆಸರಿನ ಅವರ ಗಾಡಿ ಏಳೆಂಟು ಕಿಲೋದ್ದು, ಎತ್ತಿಕೊಂಡು ಹೋಗುವಷ್ಟು. 2015ರಲ್ಲಿ ಇಳಿಯುವ ತಂತ್ರಕ್ಕೆ ಹತ್ತು ಲಕ್ಷ ಡಾಲರಿನ ಬಹುಮಾನವೂ ಬಂತು. ಗಾಡಿ ಹಾರಲಿಲ್ಲ. 2018ರಲ್ಲಿ ಸ್ಪರ್ಧೆಯೇ ವಿಜೇತರಿಲ್ಲದೆ ಮುಗಿಯಿತು. ಐದು ವರ್ಷದ ನಂತರ 26 ಕಿಲೋದ ಪ್ರಜ್ಞಾನ್ ಇಳಿದು, ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ತೆವಳಿ, ಮಣ್ಣಿನಲ್ಲಿ ಗಂಧಕ ಇರುವುದನ್ನು ಹೇಳಿತು. ನಾಲ್ಕನೆಯ ದಿನ ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಗುಂಡಿ ಕಂಡಾಗ ಅದನ್ನು ಹಿಂದಿರುಗಿಸಿದರು. ಒಂದೇ ಒಂದು ಇರುವ ಗಾಡಿಯನ್ನು ಹಾಗೆಯೇ ಓಡಿಸಬೇಕು.

ಚಂದ್ರನ ಗುಂಡಿಯಿಂದ ದೆಹಲಿಯ ಗುಂಡಿಗೆ ಬರೋಣ. 2018ರ ಸೆಪ್ಟೆಂಬರ್ 9ರಂದು ಮೋತಿ ನಗರದಲ್ಲಿ ವಸತಿ ಸಂಕೀರ್ಣವೊಂದರ ಕೊಳಚೆ ಸಂಸ್ಕರಣೆಯ ತೊಟ್ಟಿಗೆ ಇಳಿದ ಐದು ಮಂದಿ ಸತ್ತರು. ಅದಕ್ಕೆ ಹಿಂದಿನ ವರ್ಷ ಘಿಟೋರ್ನಿಯಲ್ಲಿ ನಾಲ್ವರು, ಲಾಜಪತ್ ನಗರದಲ್ಲಿ ಮೂವರು ಸತ್ತಿದ್ದರು. ಇವರನ್ನು ಕೊಂದದ್ದು ಹೆಚ್ಚಾಗಿ ಹೈಡ್ರೋಜನ್ ಸಲ್ಫೈಡಿನಂಥ ಅನಿಲ ಮತ್ತು ಆಮ್ಲಜನಕದ ಕೊರತೆ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲಕ್ಕೆ ಒಂದು ಕ್ರೂರ ಗುಣವಿದೆ. ಹತ್ತು ಲಕ್ಷಕ್ಕೆ ನೂರು ಪಾಲು ಆಗುವ ಹೊತ್ತಿಗೆ ಮೂಗು ಸತ್ತುಹೋಗುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದುಕೊಳ್ಳುವಷ್ಟರಲ್ಲಿ ಅಪಾಯ ಹೆಚ್ಚಿರುತ್ತದೆ. ಪ್ರಮಾಣ ಇನ್ನೂ ಬಹಳ ಏರಿದರೆ ಕೆಲವೇ ಉಸಿರು. ಮೊದಲು ಇಳಿದವನು ಬಿದ್ದಾಗ ಎತ್ತಲು ಹೋದ ಎರಡನೆಯವನೂ ಬೀಳುವುದರಿಂದಲೇ ಸಾವಿನ ಲೆಕ್ಕ ಮೂರು, ನಾಲ್ಕು, ಐದು ಎಂದು ಬರುವುದು.

ಈ ಸಾವುಗಳನ್ನು ಎಣಿಸುವಂತೆ ರಾಜಧಾನಿಯನ್ನು ಒತ್ತಾಯಿಸಿದವರಲ್ಲಿ ಮುಖ್ಯರು ಕರ್ನಾಟಕದವರು. ಬೆಜವಾಡ ವಿಲ್ಸನ್ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ತಲೆಮಾರುಗಳಿಂದ ಮಲ ಹೊರುತ್ತಿದ್ದ ಕುಟುಂಬದಲ್ಲಿ ಹುಟ್ಟಿದರು. ಕೆಜಿಎಫ್‌ನ ಒಣ ಕಕ್ಕಸುಗಳ ವಿರುದ್ಧ ಪತ್ರ, ಫೋಟೋ ಹಿಡಿದು ಆರಂಭಿಸಿದ ಹೋರಾಟ ಸಫಾಯಿ ಕರ್ಮಚಾರಿ ಆಂದೋಲನವಾಗಿ ದೆಹಲಿ ತಲುಪಿತು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಆಂದೋಲನ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಮಾರ್ಚ್ 27ರಂದು, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ ಇನ್ನೊಂದು ತೀರ್ಪು ಅದನ್ನು 30 ಲಕ್ಷಕ್ಕೆ ಏರಿಸಿತು. ಗಣಿಯ ಊರಿನವರಿಗೆ ಅನಿಲದ ಮಾತು ಹೊಸದೇನಲ್ಲ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲ ಪತ್ತೆಗೆ 1986ರವರೆಗೂ ಪಂಜರದ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದರು. ಹಕ್ಕಿ ಮನುಷ್ಯನಿಗಿಂತ ಮೊದಲು ಬೀಳುತ್ತಿತ್ತು. ದೆಹಲಿಯ ಮ್ಯಾನ್‌ಹೋಲಿನಲ್ಲಿ ಆ ಕೆಲಸಕ್ಕೆ ಮನುಷ್ಯನೇ ಇಳಿಯುತ್ತಿದ್ದ.

ಇಲ್ಲಿ ಪುಟ್ಟ ಗಾಡಿ ಏನು ಮಾಡೀತು? ತೊಟ್ಟಿಗಾದರೆ ಗಾಡಿಯೇ ಬೇಡ. ಅನಿಲ ಮಾಪಕಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟು ಐದು ನಿಮಿಷ ಕಾದರೆ ಸಾಕು. ಅಷ್ಟನ್ನೂ ಮಾಡದಿದ್ದುದಕ್ಕೆ ತಂತ್ರಜ್ಞಾನವನ್ನು ದೂರಲಾಗದು. ಗಾಡಿ ಬೇಕಾಗುವುದು ಅಡ್ಡ ಮಲಗಿದ ಕೊಳವೆಗೆ. ಎಲ್ಲಿ ಕಟ್ಟಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಲು ಕ್ಯಾಮೆರಾ ಹೊತ್ತು ತೆವಳುವ ಯಂತ್ರಗಳು ಅನೇಕ ದೇಶಗಳಲ್ಲಿ ದಶಕಗಳಿಂದ ಇವೆ. ಆದರೆ ಲಾಜಪತ್ ರಾಯ್ ಮಾರ್ಕೆಟಿನ ಕಾರನ್ನು ನೇರ ತಂದು ಚರಂಡಿಗೆ ಬಿಡುವ ಹಾಗಿಲ್ಲ. ಒಳಗೆ ಮೀಥೇನ್ ಇರುತ್ತದೆ. ಗಾಳಿಯಲ್ಲಿ ನೂರಕ್ಕೆ ಐದು ಪಾಲಾದರೆ ಕಿಡಿ ಸಾಕು. ಬ್ರಷ್ ಮೋಟಾರು ಪ್ರತಿ ಸುತ್ತಿಗೂ ಕಿಡಿ ಉಗುಳುತ್ತದೆ. ಅನಿಲ ಹುಡುಕಲು ಹೋದ ಗಾಡಿಯೇ ಅನಿಲಕ್ಕೆ ಬೆಂಕಿ ಇಟ್ಟೀತು. ಕಿಡಿ ಹೊರಬರದಂತೆ ಮೋಟಾರನ್ನು ಮುಚ್ಚಬೇಕು, ನೀರು ನುಗ್ಗದಂತೆ ಎಲ್ಲವನ್ನೂ ಮೊಹರು ಮಾಡಬೇಕು, ಮೂಸುವ ಭಾಗ ಮಾತ್ರ ತೆರೆದಿರಬೇಕು. ಅಷ್ಟು ಮಾಡುವ ಹೊತ್ತಿಗೆ ಕೆಲವು ಸಾವಿರದ ಕಾರು ಲಕ್ಷಗಳನ್ನು ದಾಟಿರುತ್ತದೆ. ಅದನ್ನು ಒಳಗೆ ಬಿಡುವ ಮೊದಲು ಗುತ್ತಿಗೆದಾರ ಎರಡು ಸಲ ಯೋಚಿಸುತ್ತಾನೆ. ಕೂಲಿಯವನನ್ನು ಇಳಿಸುವಾಗ ಅಷ್ಟು ಯೋಚಿಸಿದವರು ಕಡಿಮೆ.

ಆಮದಿನ ಲೆಕ್ಕವೂ ವಿಚಿತ್ರ. ಸುಂಕದ ಪುಸ್ತಕದಲ್ಲಿ ಆಟಿಕೆಗೆ ಬೇರೆ ಅಧ್ಯಾಯ, ಅಳತೆಯ ಉಪಕರಣಕ್ಕೆ ಬೇರೆ. ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ದೇಶದ ಆಟಿಕೆ ತಯಾರಕರನ್ನು ಕಾಯಲು ಮಾಡಿದ ಏರಿಕೆ. ಆಟಿಕೆಯಾಗಿ ಬಂದು ಉಪಕರಣವಾಗಿ ಬದುಕುವ ಗಾಡಿ ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದು ಆ ಪುಸ್ತಕಕ್ಕೆ ತಲೆಬಿಸಿಯ ವಿಷಯವೇ ಅಲ್ಲ.

2019ರ ಫೆಬ್ರವರಿಯಲ್ಲಿ ದೆಹಲಿ ಸರ್ಕಾರ ಒಳಚರಂಡಿ ಶುಚಿಗೊಳಿಸುವ 200 ಯಂತ್ರಗಳನ್ನು ರಸ್ತೆಗಿಳಿಸಿತು. ಕಿರಿದಾದ ಗಲ್ಲಿಗಳಿಗೂ ಹೋಗಬಲ್ಲ ಸಣ್ಣ ಲಾರಿಗಳು. ಒತ್ತಡದ ನೀರು ಹಾಯಿಸುತ್ತವೆ, ಹೂಳು ಎತ್ತುತ್ತವೆ. ದಲಿತ ಉದ್ಯಮಿಗಳ ಸಂಘಟನೆಯ ನೆರವಿನಿಂದ, ಚರಂಡಿ ಕೆಲಸದಲ್ಲಿದ್ದವರಿಗೆ ಮತ್ತು ಅದರಲ್ಲಿ ಸತ್ತವರ ಮನೆಯವರಿಗೆ ಅವುಗಳ ಒಡೆತನ ಸಿಗುವಂತೆ ಯೋಜಿಸಲಾಗಿತ್ತು. ಅದಕ್ಕೆ ಹಿಂದಿನ ವರ್ಷ ತಿರುವನಂತಪುರದಲ್ಲಿ, ಕಾಲೇಜು ಮುಗಿಸಿದ ಹುಡುಗರು ಕಟ್ಟಿದ 'ಬ್ಯಾಂಡಿಕೂಟ್' ಎಂಬ ರೋಬಾಟ್ ಮ್ಯಾನ್‌ಹೋಲಿಗೆ ಇಳಿದಿತ್ತು. ಅದಕ್ಕೆ ಚಕ್ರವಿಲ್ಲ, ಕಾಲುಗಳಿವೆ.

ಕೊಳವೆಯೊಳಗೆ ಹೋಗುವ ಕ್ಯಾಮೆರಾ ಗಾಡಿಗಳಿಗೆ ಇಂದಿಗೂ ಉದ್ದನೆಯ ಬಾಲವಿದೆ. 2005ರಲ್ಲಿ ದೆಹಲಿಯ ಕಡತ ಬಿಡುಗಡೆ ಮಾಡಿದ 2.4 ಗಿಗಾಹರ್ಟ್ಸ್ ಅಲೆ ಒದ್ದೆ ಮಣ್ಣಿನ ಕೆಳಗೆ ಕೆಲವೇ ಮಾರು ದೂರದಲ್ಲಿ ಕುಗ್ಗಿಹೋಗುತ್ತದೆ. ಹಾಗಾಗಿ ವಿದ್ಯುತ್ತು, ಚಿತ್ರ, ಅನಿಲದ ಲೆಕ್ಕ ಎಲ್ಲವೂ ಒಂದು ಕೇಬಲ್ಲಿನಲ್ಲೇ ಹರಿಯುತ್ತವೆ. ಜಾತ್ರೆಯಲ್ಲಿ ಸಿಗುತ್ತಿದ್ದ, ತಂತಿಯ ತುದಿಯಲ್ಲಿ ಗುಂಡಿಪೆಟ್ಟಿಗೆ ಹಿಡಿದು ಕಾರಿನ ಹಿಂದೆ ಓಡಬೇಕಿದ್ದ ಅಗ್ಗದ ಆಟಿಕೆಯ ಏರ್ಪಾಡೇ ಇದು. ಗಾಡಿ ಕೆಸರಿನಲ್ಲಿ ಹೂತು ಚಕ್ರ ನಿಂತರೆ ಮೇಲಿದ್ದವರು ಮ್ಯಾನ್‌ಹೋಲಿನ ಅಂಚಿನಲ್ಲಿ ನಿಂತು, ಆ ಕೇಬಲ್ಲನ್ನೇ ಹಿಡಿದು, ಕೈ ಮೇಲೆ ಕೈ ಹಾಕಿ ಎಳೆದುಕೊಳ್ಳುತ್ತಾರೆ.